ಕಂಬಳಿಯ ಮುಯ್ಯಿ

ಮಾರ್ಚ್ 13, 2011, ಭಾನುವಾರ

ಧ್ವನಿ ನಡುಗಲಿಲ್ಲ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಬರೆದಿಡುತ್ತೇನೆ.

ಹಮಾನೆ ಪಟ್ಟಣದ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ಮೂವತ್ತು ವರ್ಷದಿಂದ ಕೇಳಿಸುತ್ತಿರುವುದು ಶಿಗಾ ಮಿತ್ಸುಯೊ ಎಂಬ ನನ್ನ ಧ್ವನಿ. ಕಾಡುಹಂದಿ ಇಳಿದಿದೆ ಎಚ್ಚರ, ನಾಳೆ ನಲ್ಲಿ ಬರುವುದಿಲ್ಲ, ಹೊತ್ತು ಮುಳುಗಿತು ಮಕ್ಕಳೇ ಮನೆಗೆ ನಡೆಯಿರಿ, ಎಲ್ಲವನ್ನೂ ಹೇಳಿದವಳು ನಾನೇ. ಶುಕ್ರವಾರ ಭೂಮಿ ನಡುಗಿದ ಮೇಲೆ ಪಟ್ಟಣದ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು, ಕಿಟಕಿಯಾಚೆ ಸಮುದ್ರ ಎದ್ದು ಬರುವುದು ಕಾಣುತ್ತಿದ್ದರೂ, ಎತ್ತರಕ್ಕೆ ಹೋಗಿ ಎಂದು ಒಂದೊಂದು ಅಕ್ಷರವೂ ತಿಳಿಯುವ ಹಾಗೆ ಓದಿದೆ. ಶನಿವಾರ ಬೆಳಿಗ್ಗೆ, ಅಣುಸ್ಥಾವರದಲ್ಲಿ ಅಪಾಯವಾಗಿದೆ, ಎಲ್ಲರೂ ಬೆಟ್ಟದ ಮೇಲಿನ ಮಿನೆಸಾವಾ ಹಳ್ಳಿಗೆ ಹೊರಡಿ ಎಂದು ಓದಿದೆ. ಕೊಟ್ಟ ಚೀಟಿಯಲ್ಲಿ ಇದ್ದದ್ದನ್ನು ಓದುವುದು, ಇಲ್ಲದ್ದನ್ನು ಸೇರಿಸದಿರುವುದು. ಇಷ್ಟೇ ನನ್ನ ಕಸುಬು.

ಈಗ ಮಿನೆಸಾವಾ ಶಾಲೆಯ ಹಾಲ್‌ನಲ್ಲಿದ್ದೇವೆ. ಜೊತೆಗೆ ಸೊಸೆ ಕಾಯೊ, ಆರು ತಿಂಗಳ ಬಸುರಿ. ಮಗ ಮೀನುಗಾರ. ನಮ್ಮ ಕಡೆ ಭೂಮಿ ನಡುಗಿದರೆ ದೋಣಿಯನ್ನು ದಡದಲ್ಲಿ ಬಿಡುವುದಿಲ್ಲ, ಅಲೆಗೆ ಎದುರಾಗಿ ಆಳಕ್ಕೆ ಓಡಿಸುತ್ತಾರೆ. ಅವನೂ ಓಡಿಸಿದ, ಉಳಿದ. ಉತ್ತರದ ಯಾವುದೋ ಬಂದರಿನಲ್ಲಿ ಡೀಸೆಲ್ ಇಲ್ಲದೆ ಕೂತಿದ್ದಾನಂತೆ. ನಮ್ಮ ಮನೆ ಗುಡ್ಡದ ಮೇಲಿನ ಕಾಮಿದೈ ಕೇರಿಯಲ್ಲಿರುವುದರಿಂದ ಸಮುದ್ರ ಅದನ್ನು ಮುಟ್ಟಿಲ್ಲ. ಎರಡು ಮೂರು ದಿನದಲ್ಲಿ ವಾಪಸ್ಸು ಹೋಗಬಹುದು ಎನ್ನುತ್ತಾರೆ. ಅಕ್ಕಿ ತೊಳೆದು ನೆನೆಹಾಕಿ ಬಂದಿದ್ದೇನೆ, ಹುಳಿ ಬರುವುದರೊಳಗೆ ಹೋದರೆ ಸಾಕು.

ಬಾಗಿಲಲ್ಲಿ ಊರಿನವರ ಚಪ್ಪಲಿ, ಬೂಟು ಎಲ್ಲ ಸಾಲಾಗಿ, ಮೂತಿ ಹೊರಕ್ಕೆ ಮಾಡಿ ಜೋಡಿಸಿಟ್ಟಿದ್ದಾರೆ. ಮನೆ ಕಳೆದುಕೊಂಡವರ ಬೂಟೂ ಅದೇ ಸಾಲಿನಲ್ಲಿ. ನೋಡಿ ಹೆಮ್ಮೆಯಾಯಿತು.

ಮಾರ್ಚ್ 15, ಮಂಗಳವಾರ

ಮಧ್ಯಾಹ್ನ ಮಳೆ, ಸಂಜೆಗೆ ಹಿಮ. ಪೈಪು ಒಡೆದು ನೀರಿಲ್ಲ. ಗಂಡಸರು ಅಂಗಳದ ಹಿಮವನ್ನು ಡ್ರಮ್ಮಿಗೆ ತುಂಬಿ ಕರಗಿಸಿದರು. ನಾನೇ ಚಹಾ ಕಾಯಿಸಿ ಮೊದಲ ಲೋಟ ಕಾಯೊಗೆ ಕೊಟ್ಟೆ. "ಅತ್ತೆ, ಹಿಮದ ಚಹಾ ಎಷ್ಟು ಚೆನ್ನಾಗಿದೆ!" ಎಂದಳು.

ಸಂಜೆ ನಮ್ಮ ಪಟ್ಟಣದ ಅಧ್ಯಕ್ಷ ಓವಾದಾ ಚೀಟಿ ತಂದುಕೊಟ್ಟರು. "ತಕ್ಷಣಕ್ಕೆ ಆರೋಗ್ಯಕ್ಕೆ ತೊಂದರೆಯಿಲ್ಲ. ಸಮಾಧಾನದಿಂದಿರಿ." ಓದಿದೆ. ಜನ ಸಮಾಧಾನದಿಂದಿದ್ದಾರೆ. ಶಾಲೆಯಲ್ಲಿ ಓವಾದಾ ನನಗಿಂತ ಎರಡು ತರಗತಿ ಕೆಳಗಿದ್ದ, ಸದಾ ಮೂಗು ಸುರಿಸುತ್ತಿದ್ದ. ಈಗ ಗಡ್ಡ ಬೋಳಿಸಲು ನೀರಿಲ್ಲದಿದ್ದರೂ ಟೈ ಮಾತ್ರ ಬಿಚ್ಚಿಲ್ಲ. ಅಧ್ಯಕ್ಷ ಎಂದರೆ ಹಾಗಿರಬೇಕು.

ಮಾರ್ಚ್ 16, ಬುಧವಾರ

ಒಂದು ಅನ್ನದ ಉಂಡೆ ಇಬ್ಬರಿಗೆ. ಯಾರೂ ಎರಡನೆಯ ಸಲ ಕೈ ಚಾಚಲಿಲ್ಲ.

ಮಾರ್ಚ್ 18, ಶುಕ್ರವಾರ

ಭಾರತದಿಂದ ಕಂಬಳಿ ಬಂದಿವೆ! ಬೂದು ಬಣ್ಣದ ಒರಟು ಕಂಬಳಿ, ಮೂಟೆಯ ಮೇಲೆ ನಮಗೆ ಓದಲು ಬಾರದ ಅಕ್ಷರ. ಎಷ್ಟು ದೂರದಿಂದ! ಆದರೆ ಅರ್ಧ ಜನಕ್ಕೆ ಸಾಲುವಷ್ಟೇ ಇವೆ. ಅಧ್ಯಕ್ಷರು ಎಣಿಸಿ ನೋಡಿ, ಎಲ್ಲರಿಗೂ ಸಾಲುವಷ್ಟು ಬರುವವರೆಗೆ ಯಾರಿಗೂ ಬೇಡ ಎಂದು ವೇದಿಕೆಯ ಕೆಳಗೆ ಪೇರಿಸಿಡಲು ಹೇಳಿದರು. ನ್ಯಾಯವಾದ ಮಾತು. ಚೀಟಿ ಬರೆದುಕೊಟ್ಟರು, ಓದಿದೆ. ಒಬ್ಬರೂ ಗೊಣಗಲಿಲ್ಲ, ತೋಫು ಮಾರುತ್ತಿದ್ದ ಗೆನ್ಸಾಕು ಅಜ್ಜನೊಬ್ಬನನ್ನು ಬಿಟ್ಟು.

"ಮಿತ್ಸುಯೊ, ನಿನ್ನ ಧ್ವನೀಲಿ ಓದಿದ್ರೆ ಚಳೀನೂ ನ್ಯಾಯವಾಗಿ ಕೇಳ್ಸುತ್ತೆ ಕಣಮ್ಮ. ಕೈಗೆ ಬಂದ ತುತ್ತು ಬಾಯಿಗಿಲ್ಲ."

"ಅಜ್ಜ, ಪಕ್ಕದವರಿಗಿಲ್ಲದೆ ನೀನೊಬ್ನೇ ಹೊದ್ಕೋತೀಯಾ?"

"ಹೊದ್ಕೊಳ್ಳಲ್ಲ. ಆದ್ರೆ ಬೇಡ ಅನ್ನೋಕಾದ್ರೂ ಒಂದ್ಸಲ ಕೊಟ್ಟು ನೋಡಿ!"

ಎಂಬತ್ತೆರಡರ ಮುದುಕ, ನಾಲಗೆಗೆ ಮಾತ್ರ ವಯಸ್ಸಾಗಿಲ್ಲ.

ಅಧ್ಯಕ್ಷರಿಗೆ ಇನ್ನೊಂದು ಸಂಕಟ. ಕಂಬಳಿ ಭಾರತದ್ದು, ಚಹಾಪುಡಿ ಶ್ರೀಲಂಕಾದ್ದು, ಅಕ್ಕಿ ಥಾಯ್ಲೆಂಡಿನದು. ಪಡೆದದ್ದರ ಅರ್ಧದಷ್ಟಾದರೂ ಮುಯ್ಯಿ ಹಿಂದಿರುಗಿಸದಿದ್ದರೆ ನಮ್ಮಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ. ಮದುವೆಗೆ ಬಂದ ಒಂದು ಟವೆಲ್ಲಿಗೂ ಮರುಮುಯ್ಯಿ ಕೊಟ್ಟ ಊರು ನಮ್ಮದು. "ಮಿತ್ಸುಯೊ-ಸಾನ್, ನಮ್ಮ ಹತ್ರ ಕೊಡೋಕೆ ಈಗ ಏನಿದೆ?" ಎಂದು ಕೇಳಿದರು.

ಮಾರ್ಚ್ 22, ಮಂಗಳವಾರ

ಉಕ್ರೇನಿನಿಂದ ಒಬ್ಬ ವೈದ್ಯೆ ಬಂದಿದ್ದಾಳೆ, ಜೊತೆಗೆ ಒಬ್ಬ ನರ್ಸ್, ಔಷಧಿಯ ಪೆಟ್ಟಿಗೆಗಳು. ಹೆಸರು ಹಾಲಿನಾ. ನನ್ನ ವಯಸ್ಸಿನವಳಿರಬೇಕು, ಹೆಗಲು ಹಡಗು ಕಟ್ಟುವವನದು. ಬಂದವಳೇ ಬೂಟು ಬಿಚ್ಚಿ ಸಾಲು ತಪ್ಪಿಸಿ ಇಟ್ಟಳು. ನಾನು ಸರಿಮಾಡಿದೆ.

ಮಾತು ತಿಳಿಸುವವನು ನಮ್ಮ ಕುಸಾನೊ. ಏಡಿಯ ವ್ಯಾಪಾರಕ್ಕೆ ವರ್ಷಗಟ್ಟಲೆ ರಷ್ಯಾದ ಬಂದರುಗಳಿಗೆ ಹೋಗಿಬಂದವನು. ಆ ಭಾಷೆ ಆಕೆಗೂ ಬರುತ್ತದೆ. ಇವನು ಕಲಿತದ್ದು ಬರೀ ಚೌಕಾಸಿ ಮತ್ತು ಬೈಗುಳ. ಅಧ್ಯಕ್ಷರ ಸ್ವಾಗತ ಭಾಷಣವನ್ನು ಇವನು ಅನುವಾದಿಸಿದಾಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನು ಹೇಳಿದನೋ, ಇನ್ನೂ ಬಾಯಿಬಿಟ್ಟಿಲ್ಲ.

ಮಾರ್ಚ್ 23, ಬುಧವಾರ

ಗೆನ್ಸಾಕು ಅಜ್ಜನಿಗೆ ಜ್ವರ. ಆ ವಿದೇಶಿ ಹೆಂಗಸು ಎದೆ ಪರೀಕ್ಷಿಸಿ, ಹೊದೆಸಲು ಏನಾದರೂ ತನ್ನಿ ಎಂದು ಸುತ್ತ ನೋಡಿದಳು. ವೇದಿಕೆಯ ಕೆಳಗಿನ ಪೇರಿಕೆ ಕಣ್ಣಿಗೆ ಬಿತ್ತು.

"ಅದೇನು?" ಎಂದು ಕುಸಾನೊನ ಬಾಯಲ್ಲಿ ಕೇಳಿಸಿದಳು.

"ಕಂಬಳಿ. ಎಲ್ಲರಿಗೂ ಸಾಲಲ್ಲ. ಅದಕ್ಕೆ ಯಾರಿಗೂ ಕೊಟ್ಟಿಲ್ಲ," ಎಂದೆ, ನೆಟ್ಟಗೆ ನಿಂತು. ನಾಚಿಕೆಪಡುವಂಥದ್ದು ಅದರಲ್ಲೇನಿದೆ?

ಆಕೆ ನನ್ನನ್ನೇ ನೋಡಿದಳು. ಮತ್ತೊಮ್ಮೆ ಕೇಳಿಸಿದಳು, ಕುಸಾನೊ ತಪ್ಪು ತಿಳಿಸಿದನೇನೋ ಎಂಬಂತೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟು ಏನೋ ಉದ್ದಕ್ಕೆ ಹೇಳಿದಳು.

ಕುಸಾನೊ ತಲೆ ಕೆರೆದುಕೊಂಡ. "ಬೈಗುಳ ಬಿಟ್ಟು ಹೇಳ್ತೀನಿ. ಒಂದು ಕಂಬಳಿ ಅಡೀಲಿ ಇಬ್ರು ಮಲ್ಕೋಬಾರ್ದು ಅಂತ ನಿಮ್ಮೂರಲ್ಲಿ ಕಾನೂನಿದ್ಯಾ ಅಂತ ಕೇಳ್ತಿದಾಳೆ."

ಕಾನೂನಿಲ್ಲ. ಆದರೆ ಸಂಬಂಧವಿಲ್ಲದವರ ಜೊತೆ ಒಂದೇ ಹೊದಿಕೆ ಹೊದೆಯುವುದು, ಅದನ್ನು ಬಾಯಿಬಿಟ್ಟು ಕೇಳುವುದು, ಯಾರಿಗೆ ತಾನೇ ಮನಸ್ಸು ಬರುತ್ತದೆ? ಕೊನೆಗೆ ನನ್ನ ಸೊಸೆ ಕಾಯೊ ಎದ್ದು, ಹೊಟ್ಟೆ ಹಿಡಿದುಕೊಂಡೇ ಹೋಗಿ ಒಂದು ಕಂಬಳಿ ಎಳೆದು ತಂದು, ನೆಲಕ್ಕೆ ಟೇಪು ಅಂಟಿಸಿ ಗುರುತಿಸಿದ ಪಕ್ಕದ ಚೌಕದ ವಿಧವೆಯ ಕಾಲ ಮೇಲೆ ಅರ್ಧ, ತನ್ನ ಮೇಲೆ ಅರ್ಧ ಹೊದೆಸಿಕೊಂಡಳು. "ನಾನೂ ಹೊಟ್ಟೇಲಿರೋದೂ ಈಗಾಗ್ಲೇ ಇಬ್ರು. ನೀವು ಸೇರಿ ಮೂರು," ಎಂದಳು.

ಹಾಲ್‌ಗೆ ಹಾಲೇ ನಕ್ಕಿತು. ಆಮೇಲೆ ಎಲ್ಲರೂ ಎದ್ದರು. ಗೆನ್ಸಾಕು ಅಜ್ಜನ ಜೊತೆ ಯಾರು ಎಂದರೆ, ಉಳಿದವರು ಅಧ್ಯಕ್ಷರೊಬ್ಬರೇ. ಟೈ ಕಟ್ಟಿಕೊಂಡೇ ಅಜ್ಜನ ಪಕ್ಕ ಕಂಬಳಿಯಡಿ ತೂರಿದರು.

"ಅಧ್ಯಕ್ಷರೇ, ಮುಂದಿನ ಚುನಾವಣೇಲಿ ನನ್ನ ಓಟು ಖಂಡಿತ. ಆದ್ರೆ ಕಾಲು ತಣ್ಣಗಿದೆ, ಸ್ವಲ್ಪ ಆಚೆ ಇಡಿ," ಎಂದ ಅಜ್ಜ.

ಭಾರತದ ಕಂಬಳಿ ಚುಚ್ಚುತ್ತದೆ, ಆದರೆ ಬೆಚ್ಚಗಿದೆ. ಇದು ನಮಗೇ ಹೊಳೆಯುತ್ತಿತ್ತು, ಒಂದೆರಡು ದಿನ ತಡವಾಗುತ್ತಿತ್ತು, ಅಷ್ಟೇ.

ಮಾರ್ಚ್ 24, ಗುರುವಾರ

ಹಾಲಿನಾ ಬಳಿ ವಿಕಿರಣ ಅಳೆಯುವ, ಅಂಗೈಯಗಲದ ಒಂದು ಯಂತ್ರವಿದೆ. ಬೆಳಿಗ್ಗೆ ಅದನ್ನು ಹಿಡಿದು ಅಂಗಳ ಸುತ್ತಿದಳು. ವಾಪಸ್ಸು ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ನೇರ ಕಾಯೊ ಬಳಿ ಹೋಗಿ, ಹೊರಗೆ ಹೋಗಬೇಡ ಎಂದು ಸನ್ನೆ ಮಾಡಿದಳು.

ಕುಸಾನೊ ತಿಳಿಸಿದ. ಬಾಗಿಲ ಹೊರಗೆ ಗಂಟೆಗೆ ಹದಿನಾಲ್ಕು ಮೈಕ್ರೋಸೀವರ್ಟ್. ಮಾಡಿನ ನೀರು ಬೀಳುವ ಕಡೆ ಮೂವತ್ತರ ಮೇಲೆ. ಮೊದಲೆಲ್ಲ ನಮ್ಮ ಕಡೆ ಒಂದರ ಹತ್ತನೇ ಪಾಲೂ ಇರುತ್ತಿರಲಿಲ್ಲವಂತೆ. ವಿಷ ಹೊತ್ತ ಗಾಳಿ ಸಮುದ್ರದಿಂದ ಈ ಬೆಟ್ಟಕ್ಕೇ ಬೀಸಿದೆ, ಆ ಹಿಮದ ಜೊತೆಗೇ ಇಳಿದಿದೆ. ಅಪಾಯದಿಂದ ದೂರ ಎಂದು ಓಡಿಬಂದವರು ನಾವು ಅದರ ಮಡಿಲಿಗೇ ಬಂದು ಕೂತಿದ್ದೇವೆ. ಇಲ್ಲಿಗೆ ಬನ್ನಿ ಎಂದು ಕರೆದದ್ದು ನನ್ನ ಧ್ವನಿ.

"ಹಿಮ ಕರಗಿಸಿ ಚಹಾ ಕುಡಿಸಿದ್ದೀನಿ ಇವಳಿಗೆ," ಎಂದೆ.

ಹಾಲಿನಾ ನನ್ನ ಕೈ ಹಿಡಿದುಕೊಂಡಳು. ಕುಸಾನೊ ಈ ಸಲ ತಲೆ ಕೆರೆಯದೆ ಹೇಳಿದ. "ಮಗೂಗೆ ಬಹುಶಃ ಏನೂ ಆಗಿರಲ್ಲ ಅಂತಾಳೆ. ಖಂಡಿತ ಅಂತ ಹೇಳಲ್ಲ, ಗೊತ್ತಿಲ್ದೇ ಇರೋದನ್ನ ಹೇಳಲ್ಲ ಅಂತಾಳೆ. ಆದ್ರೆ ಇಲ್ಲಿರ್ಬೇಡಿ. ಬಸುರಿಯರು, ಮಕ್ಕಳು ಮೊದಲು ಹೊರಡ್ಲಿ."

ಅಧ್ಯಕ್ಷರಿಗೆ ಹೇಳಿದೆವು. ಅವರು ಬಾಗಿಲು ಮುಚ್ಚಿಕೊಂಡು ಸರ್ಕಾರದ ಮೇಲಿನ ಕಚೇರಿಗೆ ಫೋನು ಮಾಡಿದರು. ಹೊರಗೆ ಬಂದು, "ನಮ್ಮವರು ಅಳೆದಿದ್ದಲ್ಲ, ಅದನ್ನ ಹೇಳೋ ಹಾಗಿಲ್ಲವಂತೆ. ಪೂರ್ತಿ ಮಾಹಿತಿ ಬರೋವರೆಗೂ ಸುಮ್ಮನಿರಿ ಅಂತಾರೆ. ಇಲಿ ಬಂತು ಅಂದ್ರೆ ಹುಲಿ ಬಂತು ಅನ್ನೋ ಜನ, ಗಾಬರಿಯಾಗಿ ಓಡಿದ್ರೆ ಈ ಬೆಟ್ಟದ ದಾರೀಲಿ ಏನಾಗುತ್ತೆ?" ಎಂದರು.

ಅವರು ಹೇಳುವುದೂ ಸರಿಯೇ. ಪೂರ್ತಿ ಬಂದ ಮೇಲೆ ಎಲ್ಲರಿಗೂ ಒಟ್ಟಿಗೆ ಹೇಳುವುದು ನ್ಯಾಯ. ಹಾಗೆ ಬರೆದಮೇಲೆ ವೇದಿಕೆಯ ಕೆಳಗೆ ಕಣ್ಣು ಹೋಯಿತು. ಕಂಬಳಿ ಪೇರಿಸಿದ್ದ ಜಾಗ ಈಗ ಖಾಲಿ.

ಮಾರ್ಚ್ 25, ಶುಕ್ರವಾರ

ಬೆಳಗಿನ ಚೀಟಿ: "ಪರಿಸ್ಥಿತಿಯಲ್ಲಿ ಬದಲಾವಣೆಯಿಲ್ಲ. ಸಮಾಧಾನದಿಂದಿರಿ." ಓದುವಾಗ ಗಂಟಲು ಹಿಡಿಯಿತು. ಹಾಲ್‌ನಲ್ಲಿ ಧೂಳು ಹೆಚ್ಚು. ನಾಳೆ ಬಿಸಿನೀರು ಕುಡಿದು ಓದಬೇಕು.

ಮಕ್ಕಳು ಹೊರಗೆ ಹಿಮದ ಗೊಂಬೆ ಮಾಡುತ್ತಿದ್ದರು. ಹೋಗಿ ಎಲ್ಲರನ್ನೂ ಗದರಿಸಿ ಒಳಗೆ ಓಡಿಸಿದೆ. "ಯಾಕಜ್ಜೀ?" ಎಂದು ಕೇಳಿದವು. "ಯಾಕೇಂದ್ರೆ ಯಾಕೆ!" ಎಂದೆ. ಇಂಥ ಉತ್ತರವನ್ನು ನಾನು ಯಾವತ್ತೂ ಮೈಕಿನಲ್ಲಿ ಕೊಟ್ಟವಳಲ್ಲ.

ಮಾರ್ಚ್ 26, ಶನಿವಾರ

ಉದ್ದಕ್ಕೆ ಬರೆಯಬೇಕಾಗಿದೆ.

ಬೆಳಿಗ್ಗೆ ಪಾತ್ರೆ ತೊಳೆಯುವಾಗ ಹಾಲಿನಾ ಪಕ್ಕದಲ್ಲಿ ಬಂದು ನಿಂತಳು, ಕುಸಾನೊನನ್ನೂ ಎಳೆದುಕೊಂಡು. ತನ್ನ ಕಥೆ ಹೇಳಿದಳು. ಇಪ್ಪತ್ತೈದು ವರ್ಷದ ಹಿಂದೆ ಅವರ ಕಡೆ ಅಣುಸ್ಥಾವರ ಸಿಡಿದಾಗ ಅವಳಿಗೆ ಎರಡು ವರ್ಷದ ಮಗಳು. ಸರ್ಕಾರ ಏನೂ ಬಾಯಿಬಿಡಲಿಲ್ಲ. ಮೇ ಮೊದಲ ದಿನದ ಮೆರವಣಿಗೆಗೆ ಎಲ್ಲರೂ ಬನ್ನಿ ಎಂದು ರೇಡಿಯೊದಲ್ಲಿ ಒಬ್ಬಳು ಚೆಂದದ ಧ್ವನಿಯಲ್ಲಿ ಕರೆದಳಂತೆ. ಬಿಸಿಲು ಚೆನ್ನಾಗಿತ್ತಂತೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದಳಂತೆ.

"ಮಗಳು ಈಗ?" ಎಂದೆ.

"ಬದುಕಿದಾಳೆ. ಕುತ್ತಿಗೇಲಿ ಆಪರೇಷನ್ ಗುರುತಿದೆಯಂತೆ," ಎಂದ ಕುಸಾನೊ. ಆಮೇಲೆ ಹಾಲಿನಾ ಇನ್ನೊಂದು ಮಾತು ಹೇಳಿದಳು. ಅವನು ಅದನ್ನು ನೆಲ ನೋಡುತ್ತಾ ತಿಳಿಸಿದ. "ಸುಳ್ಳು ಬರ್ದೋರ ಹೆಸರು ಯಾರಿಗೂ ನೆನಪಿಲ್ಲವಂತೆ. ಆದ್ರೆ ಆ ಹೆಂಗಸಿನ ಧ್ವನಿ ಎಲ್ರಿಗೂ ನೆನಪಿದೆಯಂತೆ."

ಹಾಲ್‌ಗೆ ಬಂದೆ. ಮೇಜಿನ ಮೇಲೆ ಇವತ್ತಿನ ಚೀಟಿ ಇತ್ತು: "ಪರಿಸ್ಥಿತಿಯಲ್ಲಿ ಬದಲಾವಣೆಯಿಲ್ಲ." ಬರೆಯದೇ ಇದ್ದದ್ದನ್ನು ನಾನು ಯಾವತ್ತೂ ಓದಿದವಳಲ್ಲ, ಇವತ್ತೂ ಓದಲಿಲ್ಲ. ಚೀಟಿ ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಶುದ್ಧವಾಗಿ ಬರೆದೆ. ಬಾಗಿಲ ಹೊರಗೆ ಎಷ್ಟು, ಮಾಡಿನ ನೀರು ಬೀಳುವಲ್ಲಿ ಎಷ್ಟು, ಹಾಲ್‌ ಒಳಗೆ ಎಷ್ಟು, ಹಿಂದೆ ಎಷ್ಟಿತ್ತು, ಅಳೆದವರು ಯಾರು. ಮಕ್ಕಳು, ಬಸುರಿಯರು ಮೊದಲು ಹೊರಡುವುದು ಒಳ್ಳೆಯದೆಂದು ವೈದ್ಯರ ಅಭಿಪ್ರಾಯ. ಹಿಮ ಕರಗಿಸಿದ ನೀರು ಕುಡಿಯಬೇಡಿ. ಬರೆದಾದ ಮೇಲೆ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡೆ, ಎಂದಿನಂತೆ. ಮೈಕು ತೆಗೆದುಕೊಂಡು ಓದಿದೆ.

ಗಾಬರಿ ಈಗ ಶುರುವಾಗುತ್ತದೆ, ಈಗ ಓಡುತ್ತಾರೆ ಎಂದು ಕಾದೆ. ಕಂಬಳಿಯೊಳಗಿಂದ ಗೆನ್ಸಾಕು ಅಜ್ಜ ಕೈಯೆತ್ತಿದ.

"ಮಿತ್ಸುಯೊ, ಇನ್ನೊಂದ್ಸಲ ಓದಮ್ಮ. ನಿಧಾನಕ್ಕೆ. ಬರ್ಕೊಳ್ಳೋರು ಬರ್ಕೊಳ್ಲಿ."

ಇನ್ನೊಂದು ಸಲ ಓದಿದೆ. ಆಮೇಲೆ ತಾಯಂದಿರು ಹೋಗಿ ಹೊರಗಿದ್ದ ಮಕ್ಕಳನ್ನು ಕರೆತಂದರು. ಗಂಡಸರು ಹಿಮದ ಡ್ರಮ್ಮನ್ನು ದೂರ ಸಾಗಿಸಿದರು. ದೋಣಿ ಕಳೆದುಕೊಂಡ ಒಬ್ಬ ಮಾತ್ರ ಅಧ್ಯಕ್ಷರ ಎದುರು ನಿಂತು, "ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮಗೂನ ಆಡೋಕೆ ಬಿಟ್ರಾ?" ಎಂದು ಕೂಗಿದ. ಅಧ್ಯಕ್ಷರು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನಿಂತೇ ಇದ್ದರು. ಅವನು ಕೂಗಿ ಮುಗಿಸಿ ಅತ್ತ. ಆಮೇಲೆ ಪ್ರಶ್ನೆ ಇದ್ದವರೆಲ್ಲ ಮೈಕಿನ ಮುಂದೆ ಸಾಲು ನಿಂತರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ಸಾಲು ನಿಂತರು! ಹಿಂದೆ ನಿಂತ ಅಜ್ಜಿಯನ್ನು ಮುಂದೆ ಬಿಟ್ಟರು. ಇವರನ್ನೇ ಇಲಿ ಕಂಡು ಹುಲಿ ಎನ್ನುವವರು ಎಂದದ್ದು?

ಎಲ್ಲ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ಮೂಲೆಗೆ ಕರೆದರು. ತುಟಿ ಬಿಳುಚಿತ್ತು.

"ಯಾರು ಹೇಳಿದ್ರು ಅದನ್ನ ಓದೋಕೆ?"

"ಚೀಟೀಲಿತ್ತು."

"ಚೀಟಿ ಬರ್ದೋರ್ಯಾರು?"

"ಕೈಬರಹ ನಂದೇ. ನಿಮ್ಮದಕ್ಕಿಂತ ಚೆನ್ನಾಗಿದೆ."

ಅವರು ತಿರುಗಿ ಹೋದರು. ಕಾಯೊ ಬಂದು ಬಿಸಿನೀರು ಕೊಟ್ಟಳು. "ಅತ್ತೆ, ಅರ್ಧ ಲೋಟ ಚೆಲ್ಲಿದ್ರಿ," ಎಂದಳು. ಲೋಟ ಬಿಸಿಯಿತ್ತು, ಅದಕ್ಕೆ.

ಮಾರ್ಚ್ 27, ಭಾನುವಾರ

ಅಧ್ಯಕ್ಷರು ಇವತ್ತು ಟೈ ಸರಿಮಾಡಿಕೊಂಡು ಹಾಲಿನಾಳ ಮುಂದೆ ಮಂಡಿಯೂರಿ ಕೂತರು. ಮೈಕಿನ ವಿಷಯಕ್ಕೆ ಜಗಳವಾಡಲು ಬಂದರು ಎಂದುಕೊಂಡೆ. ಹಣೆ ನೆಲಕ್ಕೆ ತಾಗುವಷ್ಟು ಬಾಗಿ ಹೇಳಿದರು:

"ದೂರದಿಂದ ಬಂದು ನಮ್ಮವರನ್ನ ನೋಡಿಕೊಂಡ್ರಿ. ನಿಮ್ಮಂಥ ಎಷ್ಟೋ ದೇಶದೋರು ಕೊಟ್ಟಿದ್ದನ್ನ ಉಂಡಿದ್ದೀವಿ, ಹೊದ್ದಿದ್ದೀವಿ. ಮುಯ್ಯಿ ತೀರಿಸದೇ ಇರೋದು ನಮ್ಮಲ್ಲಿಲ್ಲ. ಆದ್ರೆ ಹಮಾನೇಲಿ ಈಗ ಕೊಡೋ ಅಂಥದ್ದು ಏನೂ ಉಳಿದಿಲ್ಲ. ಏನು ಕೊಟ್ರೆ ಸಮ ಆಗುತ್ತೆ, ನೀವೇ ಹೇಳಿ."

ಕುಸಾನೊ ತಿಳಿಸಿದ. ಈ ಸಲ ಬೈಗುಳ ಇರಲಿಲ್ಲ ಎಂದು ಕಾಣುತ್ತದೆ, ಆಕೆ ನಗಲಿಲ್ಲ. ಏನೂ ಬೇಡ ಎನ್ನುತ್ತಾಳೆ ಎಂದುಕೊಂಡೆ. ಹಾಗೆಂದಿದ್ದರೆ ಓವಾದಾ ಅಲ್ಲೇ ಕುಸಿಯುತ್ತಿದ್ದರು. ಆಕೆ ಅವರನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದಳು. ತನ್ನ ಯಂತ್ರವನ್ನು ತೆಗೆದು ಅವರ ಎದುರು ಚಾಪೆಯ ಮೇಲಿಟ್ಟಳು.

"ಇದನ್ನ ಇಟ್ಕೊಳ್ಳಿ ಅಂತಾಳೆ. ದಿನಾ ಅಳೀರಿ. ಎಷ್ಟಿದ್ಯೋ ಅಷ್ಟೇ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ, ಮೊದ್ಲು ನಿಮ್ಮ ಜನಕ್ಕೆ ಹೇಳಿ. ಆಮೇಲೆ ನಮಗೆ ಕಳ್ಸಿ, ಕಂಬಳಿ ಕೊಟ್ಟೋರಿಗೂ ಕಳ್ಸಿ. ಮುಂದೆ ಎಲ್ಲಾದ್ರೂ ಹಿಂಗಾದ್ರೆ ಅವ್ರಿಗೆ ಬೇಕಾಗೋದು ಅದೇ. ನಮಗೆ ನಮ್ಮ ಸರ್ಕಾರ ಕೊಡದೇ ಇದ್ದದ್ದೂ ಅದೇ, ಅಂತಾಳೆ."

ಓವಾದಾ ಯಂತ್ರವನ್ನು ಎರಡೂ ಕೈಯಿಂದ ಎತ್ತಿ, ಹಣೆಗೆ ಮುಟ್ಟಿಸಿಕೊಂಡರು.

ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು. ಈ ಸಲ ಬಾಗಿಲು ಮುಚ್ಚಿಕೊಳ್ಳಲಿಲ್ಲ, ಹಾಲ್‌ನ ನಡುವೆ ನಿಂತೇ ಮಾತಾಡಿದರು. "ಹೌದು, ನಮ್ಮ ಪಟ್ಟಣವೇ ಅಳೆಯುತ್ತೆ... ಹೌದು, ಬೋರ್ಡಿಗೆ ಹಾಕ್ತೀವಿ, ಪತ್ರಿಕೆಯವರಿಗೂ ಕೊಡ್ತೀವಿ... ಇಲ್ಲ, ಗಾಬರಿ ಆಗಿಲ್ಲ. ಸಾಲು ನಿಂತ್ಕೊಂಡ್ರು... ನಿಲ್ಲಿಸೋಕಾಗಲ್ಲ ಸಾರ್. ಇದು ಮುಯ್ಯಿ. ಮುಯ್ಯಿಯನ್ನ ತಡಮಾಡಿದ್ರೆ ಮನೆತನಕ್ಕೆ ಅವಮಾನ, ನಿಮಗೂ ಗೊತ್ತು." ಆಮೇಲೆ ಆಚೆಯವರ ಮಾತು ಮುಗಿಯುವವರೆಗೆ ಕೇಳಿಸಿಕೊಂಡರು. "ಹಾಗಾದ್ರೆ ನನ್ನನ್ನ ಕೆಲಸದಿಂದ ತೆಗೀರಿ. ನಾಳೆ ಬಸ್ಸು ಕಳ್ಸಿ, ಆಮೇಲೆ ತೆಗೀರಿ."

ಮೂಗು ಸುರಿಸುತ್ತಿದ್ದ ಹುಡುಗ ಇವನೇ ಏನು?

ಮಾರ್ಚ್ 29, ಮಂಗಳವಾರ

ಪಶ್ಚಿಮದ ಒಂದು ಪಟ್ಟಣಕ್ಕೆ ಹೊರಡುವ ಬಸ್ಸು ಬಂತು. ಮೊದಲನೆಯದರಲ್ಲಿ ಮಕ್ಕಳು, ಬಸುರಿಯರು. ಮಗ ಉತ್ತರದಿಂದ ಹೇಗೋ ಅಲ್ಲಿಗೇ ಬರುತ್ತಾನಂತೆ.

"ಅತ್ತೆ, ನೀವೂ ಬನ್ನಿ. ನಿಮಗೂ ಇದು ಒಳ್ಳೇದಲ್ಲ," ಎಂದು ಕಾಯೊ ಕಿಟಕಿಯಿಂದ ಕೈ ಹಿಡಿದು ಬಿಡಲೇ ಇಲ್ಲ.

"ಕೊನೆ ಬಸ್ಸಿನವರೆಗೂ ಇಲ್ಲಿ ಓದೋರು ಬೇಕಲ್ಲ ಮಗಳೇ," ಎಂದೆ. ಸೊಸೆಯನ್ನು ಮಗಳೇ ಎಂದು ಕರೆದದ್ದು ಬಸ್ಸು ಹೋದ ಮೇಲೆ ಗಮನಕ್ಕೆ ಬಂತು.

ಏಪ್ರಿಲ್ 2, ಶನಿವಾರ

ಕೊನೆಯ ಬಸ್ಸು. ಹೊರಡುವ ಮುಂಚೆ ಹಾಲ್‌ನ ನೆಲ ಒರೆಸಿ, ಶೌಚಾಲಯ ಉಜ್ಜಿ, ಟೇಪಿನ ಗುರುತು ಕೂಡ ಉಗುರಿನಿಂದ ಕೆರೆದು ತೆಗೆದೆವು. ಮಿನೆಸಾವಾದವರೂ ಊರು ಬಿಡುತ್ತಿದ್ದಾರೆ. ಮತ್ತೆ ಈ ಶಾಲೆಗೆ ಯಾರು ಯಾವಾಗ ಬರುತ್ತಾರೋ, ಆದರೂ ಒರೆಸಿದೆವು. ಹಾಲಿನಾ ಕೂಡ ಕೋಟಿನ ತುದಿ ಎತ್ತಿ ಸಿಕ್ಕಿಸಿಕೊಂಡು ಒರೆಸಿದಳು.

ಬಾಗಿಲಲ್ಲಿ ಅವಳ ಬೂಟು ಸಾಲಿನಲ್ಲಿ, ಮೂತಿ ಹೊರಕ್ಕೆ ಮಾಡಿ ಇತ್ತು. ನನ್ನದು ಸೊಟ್ಟಗಿತ್ತು, ಅವಸರದಲ್ಲಿ ಬಿಚ್ಚಿದ್ದೆ. ಅವಳು ಬಗ್ಗಿ ಸರಿಮಾಡಿಟ್ಟು ಕಣ್ಣು ಮಿಟುಕಿಸಿದಳು. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಕುಸಾನೊ ಅನುವಾದ ಮಾಡಬೇಕಾಗಲಿಲ್ಲ.

ಜುಲೈ 3, ಭಾನುವಾರ

ಬಹಳ ದಿನ ಬರೆದಿಲ್ಲ. ಪಶ್ಚಿಮದ ಪಟ್ಟಣದಲ್ಲಿ ಕಟ್ಟಿಕೊಟ್ಟ ತಾತ್ಕಾಲಿಕ ಮನೆಗಳ ಸಾಲಿನಲ್ಲಿದ್ದೇವೆ. ನಡುವೆ ಒಂದು ಕಂಬ, ಅದಕ್ಕೊಂದು ಧ್ವನಿವರ್ಧಕ. ದಿನಾ ಬೆಳಿಗ್ಗೆ ಅಂಕಿ ಓದುತ್ತೇನೆ. ಅಧ್ಯಕ್ಷರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಪಕ್ಕದ ಪಟ್ಟಣಗಳವರೂ ಬಂದು ನಮ್ಮ ಬೋರ್ಡು ನೋಡಿಕೊಂಡು ಹೋಗಿ ತಮ್ಮಲ್ಲೂ ಹಾಕಿದ್ದಾರೆ. ಭಾರತದಿಂದ ಒಂದು ಪತ್ರ ಬಂದಿತ್ತು, ನೀವು ಕಳಿಸಿದ ಅಂಕಿಗಳು ತಲುಪಿದವು, ವಂದನೆಗಳು ಎಂದು. ಅದನ್ನೂ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹತ್ತು ದಿನದ ಹಿಂದೆ ಕಾಯೊ ಹೆತ್ತಳು. ಹೆಣ್ಣು. ಗಟ್ಟಿಯಾಗಿದೆ, ಅತ್ತರೆ ಮೂರು ಸಾಲಿನಾಚೆ ಕೇಳಿಸುತ್ತದೆ. ಅದಕ್ಕೆ ನನ್ನ ಗಂಟಲೇ ಬಂದಿದೆ. ಡಾಕ್ಟರು ಕೂಸನ್ನು ನೋಡಿ, ಸದ್ಯಕ್ಕೆ ಎಲ್ಲ ಸರಿಯಿದೆ, ಪ್ರತಿ ವರ್ಷ ಪರೀಕ್ಷೆ ಮಾಡಿಸಿ ಎಂದರು. ಖಂಡಿತ ಎನ್ನದವರ ಮಾತನ್ನು ನಂಬುವುದು ನನಗೀಗ ಅಭ್ಯಾಸವಾಗಿದೆ.

ಇವತ್ತು ಹಮಾನೆಯ ಕೇರಿ ಕೇರಿಯ ಅಂಕಿ ಬಂತು. ಬಿಳಿ ಉಡುಪು ತೊಟ್ಟು ನಮ್ಮವರೇ ಹೋಗಿ ಅಳೆದು ತಂದದ್ದು. ಇದನ್ನು ಕೇಳಲು ಎಲ್ಲರೂ ಕಂಬದ ಕೆಳಗೆ ಸೇರಿದ್ದರು. ಯಾರು ವಾಪಸ್ಸು ಹೋಗಬಹುದು, ಯಾರು ಹೋಗುವಂತಿಲ್ಲ ಎಂದು ತಿಳಿಯುವುದು ಇವತ್ತೇ.

ಚೀಟಿ ಕೊಡುವ ಮುಂಚೆ ಅಧ್ಯಕ್ಷರು ಅದನ್ನು ಎದೆಗೆ ಹಿಡಿದುಕೊಂಡೇ ನಿಂತರು. "ಮಿತ್ಸುಯೊ-ಸಾನ್, ಇವತ್ತು ಬೇರೆ ಯಾರಾದ್ರೂ ಓದ್ಲಿ."

"ಯಾಕೆ?"

"ಕಾಮಿದೈ."

ನನ್ನ ಕೇರಿ. ಸಮುದ್ರ ಮುಟ್ಟದೆ ಬಿಟ್ಟ ಕೇರಿ. ಕೈಚಾಚಿ ಚೀಟಿ ತೆಗೆದುಕೊಂಡೆ, ಎಂದಿನಂತೆ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡೆ. ಎಲ್ಲಕ್ಕಿಂತ ಹೆಚ್ಚು ನಮ್ಮದೇ. ಈ ವರ್ಷವಲ್ಲ, ಬರುವ ವರ್ಷವೂ ಅಲ್ಲ. ಬಹುಶಃ ನನ್ನ ಜೀವಮಾನದಲ್ಲಿ ಅಲ್ಲ. ಅಡಿಗೆಮನೆಯಲ್ಲಿ ನೆನೆಹಾಕಿದ್ದ ಅಕ್ಕಿ ನೆನಪಾಯಿತು.

ಮೈಕು ತೆಗೆದುಕೊಂಡೆ. ಬಂದರಿನ ಕೇರಿ, ದೇವಳದ ಕೇರಿ, ನಿಲ್ದಾಣದ ಕೇರಿ, ಒಂದೊಂದಾಗಿ. ಕಾಮಿದೈ ಎಂಬಲ್ಲಿಗೆ ಬಂದಾಗ ಧ್ವನಿ ನಡುಗಿತು. ಧೂಳಿರಲಿಲ್ಲ, ಗಂಟಲು ಚೆನ್ನಾಗಿತ್ತು. ನಡುಗಿತು, ಅಷ್ಟೇ. ನಿಲ್ಲಿಸಿ ಉಸಿರು ತೆಗೆದುಕೊಂಡು ಅಂಕಿ ಓದಿದೆ. ಎಲ್ಲರಿಗೂ ಗೊತ್ತು ಅದು ಯಾರ ಮನೆಯ ಅಂಕಿಯೆಂದು. ಒಬ್ಬರೂ ಕದಲಲಿಲ್ಲ.

ಮುಂದಿನ ಸಾಲಿನಲ್ಲಿ ಕಾಯೊ, ಕೈಯಲ್ಲಿ ಕೂಸು, ಕೂಸಿನ ಕೆಳಗೆ ನಾಲ್ಕು ಮಡಿಕೆ ಮಾಡಿ ಹಾಸಿದ ಬೂದು ಕಂಬಳಿ. ಪಕ್ಕದಲ್ಲಿ ಗೆನ್ಸಾಕು ಅಜ್ಜ ಕಿವಿಗೆ ಅಂಗೈ ಹಿಡಿದು ಕೂತಿದ್ದ. ಮುಗಿಸಿ ಮೈಕು ಇಳಿಸಿದೆ.

"ಅಜ್ಜ, ಕೇಳಿಸ್ತಾ?" ಎಂದೆ.

"ಕೇಳಿಸ್ತು ಕಣಮ್ಮ," ಎಂದ. "ಸರಿಯಾಗಿ ಕೇಳಿಸ್ತು."

ಆ ಚೀಟಿಯನ್ನು ಶುದ್ಧವಾಗಿ ಇನ್ನೊಂದು ಪ್ರತಿ ಬರೆದೆ. ಕಾಮಿದೈಯ ಅಂಕಿಯನ್ನು ಎಲ್ಲರದರಷ್ಟೇ ದೊಡ್ಡದಾಗಿ, ಅದೇ ಸಾಲಿನಲ್ಲಿ. ಲಕೋಟೆಯ ಮೇಲೆ ಹಾಲಿನಾಳ ವಿಳಾಸ ಬರೆದಿದ್ದೇನೆ. ನ್ಯಾಯವಾದ ಮುಯ್ಯಿ. ನಾಳೆ ಬೆಳಿಗ್ಗೆ ಅಂಚೆಗೆ ಹಾಕಿ ಬರಬೇಕು.